ಕಪ್ಪತಗುಡ್ಡಕ್ಕೆ ಬೆಂಕಿ ಬೀಳುವ ಮೊದಲೇ ನಾವು ಎಚ್ಚರಾಗೋಣ

ಮಾನ್ಯ ಸಂಪಾದಕರೇ,

ಸಂಕ್ರಾಂತಿ ಮುಗಿದಿದೆ. ಹಿಂಗಾರಿ ಜೋಳ ತೆನೆ ಬಲಿತು ನಿಂತಿದೆ. ಕಡಲೆ ಕೀಳುವ ಕೆಲಸ ಶುರುವಾಗಿದೆ. ನಮ್ಮ ಗದಗ ಜಿಲ್ಲೆಯ ಕಪ್ಪತಗುಡ್ಡದ ಮೇಲಿನ ಹುಲ್ಲು ಪೂರ್ತಿ ಒಣಗಿದೆ. ಇನ್ನು ಶಿವರಾತ್ರಿ, ಹೋಳಿ ಹುಣ್ಣಿಮೆ ಬರುವ ಹೊತ್ತಿಗೆ ರಾತ್ರಿ ಮಾಳಿಗೆ ಹತ್ತಿ ನೋಡಿದರೆ ಗುಡ್ಡದ ಮೇಲೆ ಬೆಂಕಿಯ ಸಾಲು ಕಾಣುತ್ತದೆ. ಮರುದಿನ ಪತ್ರಿಕೆಯಲ್ಲಿ ಒಂದು ಫೋಟೊ, ನಾಲ್ಕು ಸಾಲು ಸುದ್ದಿ ಬರುತ್ತದೆ. ಮಳೆ ಬಿದ್ದ ಮೇಲೆ ಎಲ್ಲರೂ ಮರೆಯುತ್ತೇವೆ. ಬೆಂಕಿ ಬಿದ್ದ ಮೇಲೆ ಬರೆದು ಏನು ಪ್ರಯೋಜನ? ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ನಾನು ಮುಂಡರಗಿ ತಾಲ್ಲೂಕಿನಲ್ಲಿ ಗುಡ್ಡದ ಬದಿಯ ಒಂದು ಊರಿನ ಶಾಲೆಯಲ್ಲಿ ಕಲಿಸುತ್ತೇನೆ. ನಮ್ಮ ಮನೆಯಲ್ಲೂ ಕುರಿ ಇವೆ. ನಮ್ಮ ಮಾವನವರು ಹುಡುಗರಾಗಿದ್ದಾಗಿನಿಂದ ಇದೇ ಗುಡ್ಡದಲ್ಲಿ ಕುರಿ ಕಾಯ್ದವರು. ಹಾಗಾಗಿ ಇದು ಕುರಿಗಾರರನ್ನು ಬೈಯುವ ಪತ್ರ ಅಲ್ಲ. ಯಾರೋ ಒಬ್ಬರನ್ನು ಹಿಡಿದು ತಪ್ಪಿತಸ್ಥ ಅಂತ ತೋರಿಸಿದರೆ ಗುಡ್ಡ ಉಳಿಯುವುದಿಲ್ಲ ಅನ್ನುವುದು ನನಗೆ ಚೆನ್ನಾಗಿ ಗೊತ್ತು.

ಗದಗಿನ ಹತ್ತಿರದ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ ಈ ಗುಡ್ಡದ ಸಾಲು ಚಾಚಿದೆ. ಗದಗ, ಮುಂಡರಗಿ, ಶಿರಹಟ್ಟಿ, ಮೂರು ತಾಲ್ಲೂಕಿನವರಿಗೂ ಇದು ನಮ್ಮ ಗುಡ್ಡ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬಿದ್ದರೆ ಅದೇ ನಮಗೆ ಜಾಸ್ತಿ. ಆ ಮಳೆಯನ್ನು ಹಿಡಿದಿಟ್ಟುಕೊಂಡು ಹಳ್ಳಗಳಿಗೆ, ಕೆರೆಗಳಿಗೆ, ಹೊಲದ ಬಾವಿಗಳಿಗೆ ನಿಧಾನವಾಗಿ ಬಿಡುವುದು ಈ ಗುಡ್ಡ. ಹೊರಗಿನವರು ಇದನ್ನು ಉತ್ತರ ಕರ್ನಾಟಕದ ಸಹ್ಯಾದ್ರಿ ಎಂದು ಹೊಗಳುತ್ತಾರೆ. ನಿಜ ಹೇಳಬೇಕೆಂದರೆ ಇದು ಸಹ್ಯಾದ್ರಿಯ ಹಾಗೆ ಇಲ್ಲ, ಇರಬೇಕಾಗಿಯೂ ಇಲ್ಲ. ಇದು ಒಣನಾಡಿನ ಅಡವಿ. ಮುಳ್ಳುಕಂಟಿ, ಕುರುಚಲು ಗಿಡ, ಆಳೆತ್ತರದ ಹುಲ್ಲು, ಮಳೆಗಾಲದಲ್ಲಿ ನಾಲ್ಕು ತಿಂಗಳ ಹಸಿರು, ಉಳಿದ ದಿನ ಕಂದು ಬಣ್ಣ. ಚಿರತೆ, ತೋಳ, ಕತ್ತೆಕಿರುಬ, ನರಿ, ಮುಳ್ಳುಹಂದಿ, ಕೊಂಡುಕುರಿ, ನವಿಲು, ಇವೆಲ್ಲ ಬದುಕುವುದು ಇಂಥ ಅಡವಿಯಲ್ಲೇ.

ಈ ಗುಡ್ಡ ಅಷ್ಟು ಸುಲಭವಾಗಿ ಉಳಿದಿಲ್ಲ ಎನ್ನುವುದನ್ನು ಹೊಸ ಹುಡುಗರಿಗೆ ನೆನಪಿಸಬೇಕು. ಇದರ ಹೊಟ್ಟೆಯಲ್ಲಿ ಕಬ್ಬಿಣ, ಮ್ಯಾಂಗನೀಸ್, ಬಂಗಾರ ಇವೆ. ಬ್ರಿಟಿಷರ ಕಾಲದಲ್ಲೇ ಇಲ್ಲಿ ಬಂಗಾರಕ್ಕೆ ಅಗೆದಿದ್ದರು. 2011ರಲ್ಲಿ ಹಳ್ಳಿಗುಡಿ ಸುತ್ತಲಿನ ರೈತರ ಭೂಮಿಯಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆ ಬರುತ್ತದೆ ಎಂದಾಗ ಜನ ಎದ್ದು ನಿಂತರು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. ಸರ್ಕಾರ ಆ ಯೋಜನೆ ಕೈಬಿಟ್ಟಿತು. 2015ರಲ್ಲಿ ಗುಡ್ಡವನ್ನು ಸಂರಕ್ಷಿತ ಮೀಸಲು ಪ್ರದೇಶ ಎಂದು ಘೋಷಿಸಿದರು. ಒಂದು ವರ್ಷ ಕಳೆಯುವುದರೊಳಗೆ, 2016ರಲ್ಲಿ, ಆ ಆದೇಶವನ್ನೇ ವಾಪಸ್ ಪಡೆದರು. ಆಗ ಮತ್ತೆ ಹೋರಾಟ. 2017ರ ಫೆಬ್ರವರಿಯಲ್ಲಿ ಗದಗಿನಲ್ಲಿ ಹಗಲು ರಾತ್ರಿ ಧರಣಿ ನಡೆಯಿತು. ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು ಬಂದು ಕೂತರು. ರೈತರು, ಸ್ವಾಮೀಜಿಗಳು, ಕಾಲೇಜು ಹುಡುಗರು, ನಾಟಿ ವೈದ್ಯರು, ವಕೀಲರು ಬಂದರು. ಅದೇ ಏಪ್ರಿಲ್‌ನಲ್ಲಿ ಸರ್ಕಾರ ಮೀಸಲು ಪ್ರದೇಶದ ಸ್ಥಾನವನ್ನು ಮರಳಿ ಕೊಟ್ಟಿತು. 2019ರಲ್ಲಿ 244 ಚದರ ಕಿಲೋಮೀಟರ್ ಗುಡ್ಡ ವನ್ಯಜೀವಿ ಅಭಯಾರಣ್ಯವಾಯಿತು. ಆ ಆದೇಶ ಬರುವ ಹೊತ್ತಿಗೆ ಸಿದ್ಧಲಿಂಗ ಸ್ವಾಮೀಜಿ ನಮ್ಮ ನಡುವೆ ಇರಲಿಲ್ಲ. 2018ರ ಅಕ್ಟೋಬರ್‌ನಲ್ಲಿ ಅವರು ಲಿಂಗೈಕ್ಯರಾಗಿದ್ದರು.

ಇಷ್ಟೆಲ್ಲ ಮಾಡಿ ಉಳಿಸಿಕೊಂಡ ಗುಡ್ಡ ನಮ್ಮ ಕಣ್ಣೆದುರೇ ವರ್ಷ ವರ್ಷ ಸುಡುತ್ತಿದೆ. ಗಣಿಗೆ ಬೇಡ ಎಂದ ನಾವೇ ಬೆಂಕಿಗೆ ಯಾಕೆ ಸುಮ್ಮನಿದ್ದೇವೆ?

ಬೆಂಕಿ ತಾನಾಗಿ ಹುಟ್ಟುವುದಿಲ್ಲ. ಮಾರ್ಚ್ ತಿಂಗಳಲ್ಲಿ ನಮ್ಮಲ್ಲಿ ಸಿಡಿಲು ಅಪರೂಪ, ಬಿದಿರು ಉಜ್ಜಿ ಬೆಂಕಿ ಬರುವಂಥ ಕಾಡೂ ಇದಲ್ಲ. ಹಚ್ಚಿದವರು ಮನುಷ್ಯರೇ. ಕೆಲವರು ಬೇಕಂತಲೇ ಹಚ್ಚುತ್ತಾರೆ, ಹಳೇ ಹುಲ್ಲು ಸುಟ್ಟರೆ ಹೊಸ ಹುಲ್ಲು ಚೆನ್ನಾಗಿ ಚಿಗುರುತ್ತದೆ ಅಂತ. ಕೆಲವರು ಮೊಲ, ನವಿಲು ಹೊರಗೆ ಓಡಲಿ ಅಂತ ಹಚ್ಚುತ್ತಾರೆ. ಕೆಲವು ಸಲ ಗುಡ್ಡದ ಸೆರಗಿನ ಹೊಲದಲ್ಲಿ ಬದುವಿನ ಕಸ, ಹತ್ತಿಕಟಗಿ, ತೊಗರಿ ಕಟಗಿ ಸುಡಲು ಹಚ್ಚಿದ ಬೆಂಕಿ ಗಾಳಿಗೆ ಜಿಗಿಯುತ್ತದೆ. ಗುಡ್ಡದ ತುದಿಗೆ ಈಗ ಬೈಕು, ಕಾರು ಹೋಗುತ್ತವೆ. ಪಾರ್ಟಿ ಮಾಡಿ ಒಲೆ ಆರಿಸದೆ ಬಂದವರಿದ್ದಾರೆ. ಬೀಡಿ ತುಂಡು ಎಸೆದವರಿದ್ದಾರೆ. ಕಾರಣ ಯಾವುದಾದರೂ ಆಮೇಲಿನ ಕಥೆ ಒಂದೇ. ಇಲ್ಲಿಯ ಗಾಳಿ ಸಾಮಾನ್ಯದ್ದಲ್ಲ. ಗುಡ್ಡದ ನೆತ್ತಿಯ ಮೇಲೆ ಗಾಳಿಯಿಂದ ಕರೆಂಟು ಮಾಡುವ ಅಷ್ಟು ಫ್ಯಾನುಗಳನ್ನು ಸುಮ್ನೆ ನಿಲ್ಲಿಸಿಲ್ಲ. ಬೆಂಕಿ ಇಳಿಜಾರಿನಲ್ಲಿ ಕೆಳಗಿನಿಂದ ಮೇಲಕ್ಕೆ ಓಡುತ್ತದೆ, ಏಕೆಂದರೆ ಬಿಸಿಗಾಳಿ ಮುಂದಿನ ಹುಲ್ಲನ್ನು ಮೊದಲೇ ಕಾಯಿಸಿ ಇಟ್ಟಿರುತ್ತದೆ. ಮಧ್ಯಾಹ್ನ ಹತ್ತಿದ ಬೆಂಕಿ ಸಂಜೆಗೆ ಆಚೆ ಬದಿಯ ಊರಿನವರಿಗೆ ಕಾಣುತ್ತದೆ. ಅಗ್ನಿಶಾಮಕದ ಗಾಡಿ ಡಾಂಬರು ರಸ್ತೆಯ ಮೇಲೆ ನಿಲ್ಲಬೇಕಷ್ಟೇ. ಮೇಲೆ ಹೋಗಿ ಹಸಿ ಟೊಂಗೆಯಿಂದ ಬಡಿದು ಆರಿಸುವವರು ಅರಣ್ಯ ಕಾವಲುಗಾರರು ಮತ್ತು ಊರಿನ ನಾಲ್ಕು ಹುಡುಗರು. ಈ ಕೆಲಸದಲ್ಲಿ ಜೀವ ಹೋಗುತ್ತದೆ. 2017ರಲ್ಲಿ ಬಂಡೀಪುರದಲ್ಲಿ, 2023ರಲ್ಲಿ ಸಕಲೇಶಪುರದ ಕಾಡಿನಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ಸಿಬ್ಬಂದಿ ಸತ್ತಿದ್ದಾರೆ. ನಮ್ಮ ಗುಡ್ಡದಲ್ಲೂ ಹಾಗಾಗಲಿ ಅಂತ ಕಾಯುತ್ತಿದ್ದೇವಾ?

ಸುಟ್ಟರೆ ಹುಲ್ಲು ಚಿಗುರುತ್ತದೆ ಎನ್ನುವ ಮಾತಿನ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಇದು ಸುಳ್ಳು ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ ಕುರಿಗಾರರು ನಂಬುವುದಿಲ್ಲ. ಅವರು ಕಣ್ಣಾರೆ ಕಂಡಿದ್ದಾರೆ. ಸುಟ್ಟ ಇಳಿಜಾರಿನ ಮೇಲೆ ಒಂದು ಅಡ್ಡಮಳೆ ಬಿದ್ದರೆ ವಾರದೊಳಗೆ ಹಸಿರು ಕಾಣುತ್ತದೆ. ಸುಡದ ಜಾಗದಲ್ಲೂ ಅದೇ ಮಳೆಗೆ ಅದೇ ಚಿಗುರು ಬಂದಿರುತ್ತದೆ, ಹಳೇ ಹುಲ್ಲಿನ ಬುಡದಲ್ಲಿ ಮುಚ್ಚಿಕೊಂಡಿರುತ್ತದೆ ಅಷ್ಟೇ. ಕರಿ ನೆಲದ ಮೇಲೆ ಹಸಿರು ಎದ್ದು ಕಾಣುತ್ತದೆ. ಆದರೆ ಅದೇ ಜಾಗ ಪ್ರತಿ ವರ್ಷ ಸುಟ್ಟರೆ ಏನಾಗುತ್ತದೆ? ಬೀಜದಿಂದ ಹುಟ್ಟಿದ ಸಣ್ಣ ಸಸಿಗಳೆಲ್ಲ ಸಾಯುತ್ತವೆ. ನೆಲ್ಲಿ, ಬಿಲ್ವ, ಕಮರದ ಸಸಿಗಳು ಮೊಣಕಾಲೆತ್ತರಕ್ಕೆ ಬರುವುದರೊಳಗೆ ಮತ್ತೆ ಬೆಂಕಿ ಬರುತ್ತದೆ. ಬೆಂಕಿ ತಡೆದು ಬುಡದಿಂದ ಮತ್ತೆ ಏಳುವ ಗಟ್ಟಿ ಹುಲ್ಲು ಮಾತ್ರ ಹರಡುತ್ತದೆ. ನಮ್ಮಲ್ಲಿ ಅದು ಬಾದೆ ಹುಲ್ಲು. ಎಳೆಯದಿದ್ದಾಗ ದನ ಒಂದಿಷ್ಟು ಬಾಯಿ ಹಾಕುತ್ತವೆ, ಬಲಿತ ಮೇಲೆ ಮೂಸಿಯೂ ನೋಡುವುದಿಲ್ಲ. ಆಳೆತ್ತರ ಬೆಳೆದು ಒಣಗಿ ನಿಂತು ಮುಂದಿನ ವರ್ಷದ ಬೆಂಕಿಗೆ ಸೌದೆಯಾಗುತ್ತದೆ. ಕುರಿಗೆ ಮೇವಾಗಲಿ ಅಂತ ಹಚ್ಚಿದ ಬೆಂಕಿ ಹತ್ತಿಪ್ಪತ್ತು ವರ್ಷದಲ್ಲಿ ಕುರಿ ತಿನ್ನದ ಹುಲ್ಲನ್ನೇ ಜಾಸ್ತಿ ಮಾಡುತ್ತದೆ. ನಮ್ಮ ಮಾವನವರೇ ಹೇಳುತ್ತಾರೆ, ಮೊದಲು ಕುರಿ ಅರ್ಧ ಗುಡ್ಡ ಹತ್ತುವುದರೊಳಗೆ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದವು, ಈಗ ನೆತ್ತಿ ಮುಟ್ಟಿದರೂ ತುಂಬುವುದಿಲ್ಲ ಅಂತ.

ಇನ್ನೊಂದು ಮಾತನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಬೆಂಕಿ ಎಲ್ಲ ಕಡೆ, ಎಲ್ಲ ಕಾಲಕ್ಕೂ ಕೆಟ್ಟದ್ದೇ ಅಂತ ನಾನು ಹೇಳುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗು ಬೆಂಕಿ ಹಾಕುತ್ತಿದ್ದರು. ಬೇಸಿಗೆ ಏರುವ ಮೊದಲೇ, ನೆಲದ ಮೇಲಿನ ಒಣ ಎಲೆ ಮಾತ್ರ ಸುಡುವ ಹಾಗೆ ಸಣ್ಣ ಬೆಂಕಿ. ಅದು ನಿಂತ ಮೇಲೆ ಲಂಟಾನ ಎಂಬ ಕಳೆ ಹೆಚ್ಚಾಯಿತು ಅಂತ ಅವರು ಹೇಳುತ್ತಾರೆ. ಸಂಶೋಧಕರೂ ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಆದರೆ ಅದು ಕಾಡನ್ನು ಅಂಗೈಯಷ್ಟು ಬಲ್ಲ ಜನ, ಕಾಲ ನೋಡಿ, ಗಾಳಿ ನೋಡಿ, ಜಾಗ ನೋಡಿ ಹಾಕುತ್ತಿದ್ದ ಬೆಂಕಿ. ಇಲ್ಲಿ ಮಾರ್ಚ್, ಏಪ್ರಿಲ್‌ನ ಸುಡು ಬಿಸಿಲಲ್ಲಿ ಯಾರೋ ಕಡ್ಡಿ ಗೀರಿ ಇಳಿದು ಹೋಗುತ್ತಾರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಬೆಂಕಿ ಬಿದ್ದಾಗ ಚಿರತೆ, ತೋಳ ಓಡಿ ಪಾರಾಗುತ್ತವೆ. ಆಮೇಲೆ ಅವು ಊರ ಬದಿಗೆ ಬಂದವು, ಹಟ್ಟಿಗೆ ನುಗ್ಗಿದವು ಅಂತ ನಾವೇ ಗಲಾಟೆ ಮಾಡುತ್ತೇವೆ. ಓಡಲಾರದವುಗಳ ಪಾಡೇನು? ಕೊಂಡುಕುರಿಯ ವಿಷಯ ತೆಗೆದುಕೊಳ್ಳಿ. ಗಂಡಿಗೆ ನಾಲ್ಕು ಕೊಂಬಿರುವ ಈ ಸಣ್ಣ ಪ್ರಾಣಿ ಜಗತ್ತಿನಲ್ಲಿ ಭಾರತ ಮತ್ತು ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ಹೆಚ್ಚಾಗಿ ಜನವರಿ, ಫೆಬ್ರವರಿಯಲ್ಲಿ ಮರಿ ಹಾಕುತ್ತದೆ. ಎತ್ತರದ ಹುಲ್ಲಿನಲ್ಲಿ ಮರಿಯನ್ನು ಬಚ್ಚಿಟ್ಟು ತಾಯಿ ಮೇಯಲು ಹೋಗುತ್ತದೆ. ಅಪಾಯ ಬಂದರೆ ಮರಿ ಓಡುವುದಿಲ್ಲ, ಅಲುಗಾಡದೆ ಮಲಗುತ್ತದೆ. ಚಿರತೆಯಿಂದ ತಪ್ಪಿಸಿಕೊಳ್ಳಲು ಆ ಉಪಾಯ ಸಾಕು. ಬೆಂಕಿಗೆ ಸಾಲದು. ಕೌಜುಗ, ಬುರ್ಲಿ, ಟಿಟ್ಟಿಭ ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳು. ಮುಳ್ಳುಹಂದಿ ಬಿಲದೊಳಗೆ ಹೋದರೂ ಹೊಗೆ ಬೆನ್ನಟ್ಟುತ್ತದೆ. ಹಾವು, ಓತಿಕೇತ, ಮೊಲದ ಮರಿ ಇವುಗಳ ಲೆಕ್ಕ ಇಡುವವರು ಯಾರು?

ಮನುಷ್ಯರ ನಷ್ಟವೂ ಇದೆ. ಗುಡ್ಡದ ತಾಂಡಾಗಳ ಹೆಣ್ಣುಮಕ್ಕಳು ಬೇಸಿಗೆಯ ಕೊನೆಗೆ ಕವಳಿ ಹಣ್ಣು ಬುಟ್ಟಿಯಲ್ಲಿ ತಂದು ಗದಗ, ಮುಂಡರಗಿಯ ಬೀದಿಯಲ್ಲಿ ಮಾರುತ್ತಾರೆ. ಹೊಲದಲ್ಲಿ ಕೂಲಿ ಇಲ್ಲದ ದಿನಗಳಲ್ಲಿ ಅದೇ ಅವರ ಕೈಖರ್ಚು, ಮಕ್ಕಳ ಪುಸ್ತಕದ ದುಡ್ಡು. ಕವಳಿ ಕಂಟಿ ಹೂ ಬಿಡುವುದು ಯಾವಾಗ? ಸರಿಯಾಗಿ ಬೆಂಕಿ ಬೀಳುವ ಕಾಲಕ್ಕೇ. ಹೂ ಸುಟ್ಟರೆ ಆ ವರ್ಷ ಹಣ್ಣಿಲ್ಲ. ನಮ್ಮ ಶಾಲೆಗೆ ಬರುವ ಒಬ್ಬ ಹುಡುಗಿಯ ತಾಯಿ ಕಳೆದ ಬೇಸಿಗೆಯಲ್ಲಿ ಮೂರು ಗುಡ್ಡ ದಾಟಿ ಹೋಗಿ ಅರ್ಧ ಬುಟ್ಟಿ ತಂದರು. ಶತಾವರಿ, ಅಮೃತಬಳ್ಳಿ, ಮಧುನಾಶಿನಿ ಹುಡುಕುವ ನಾಟಿ ವೈದ್ಯರನ್ನು ಕೇಳಿ, ಅವರೂ ಇದನ್ನೇ ಹೇಳುತ್ತಾರೆ. ಕಪ್ಪತಗುಡ್ಡ ಔಷಧಿ ಸಸ್ಯಗಳ ಖಣಿ ಅಂತ ಭಾಷಣದಲ್ಲಿ ಹೇಳುವುದು ಸುಲಭ. ಆ ಬಳ್ಳಿಗಳು ಹಬ್ಬುವ ಕಂಟಿಗಳೇ ಸುಟ್ಟುಹೋದರೆ ಬಳ್ಳಿ ಎಲ್ಲಿ ಹಬ್ಬಬೇಕು?

ನೀರಿನ ಮಾತು ಹೊಲ ಇದ್ದವರಿಗೆ ಹೇಳಬೇಕಾಗಿಲ್ಲ. ಹುಲ್ಲು ಸುಟ್ಟ ಬೋಳು ಇಳಿಜಾರಿಗೆ ಮುಂಗಾರಿನ ಮೊದಲ ದಪ್ಪ ಹನಿ ಬಿದ್ದರೆ ಮಣ್ಣು ಬೂದಿಯ ಜೊತೆ ಕೊಚ್ಚಿ ಹಳ್ಳಕ್ಕೆ ಬರುತ್ತದೆ. ಕೆರೆಯಲ್ಲಿ ಹೂಳು ತುಂಬುತ್ತದೆ. ಆಮೇಲೆ ಲಕ್ಷಗಟ್ಟಲೆ ಖರ್ಚು ಮಾಡಿ ಹೂಳು ತೆಗೆಸುತ್ತೇವೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇನ್ನೊಂದು ವಿಷಯ. ಗಣಿ, ಕ್ವಾರಿ ಬೇಕು ಎನ್ನುವವರು ಈಗಲೂ ಸುಮ್ಮನೆ ಕೂತಿಲ್ಲ. ಅಭಯಾರಣ್ಯದಲ್ಲಿ ಮತ್ತು ಅದರ ಗಡಿಯ ಹೊರಗೆ ಒಂದು ಕಿಲೋಮೀಟರ್ ತನಕ ಗಣಿಗಾರಿಕೆ ಕೂಡದು ಅಂತ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೂ ಗಡಿ ಕಡಿಮೆ ಮಾಡಿ, ವಿನಾಯಿತಿ ಕೊಡಿ ಎನ್ನುವ ಒತ್ತಡ ನಿಂತಿಲ್ಲ. ಅವರ ವಾದ ಯಾವಾಗಲೂ ಒಂದೇ: ಅಲ್ಲೇನು ಕಾಡಿದೆ, ಬೋಳು ಗುಡ್ಡ ಅಲ್ವಾ? ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ಒಬ್ಬ ಅಧಿಕಾರಿ ಬಂದು ಕರಿ ಬಿದ್ದ ಗುಡ್ಡ ನೋಡಿದರೆ ಅವರಿಗೂ ಹಾಗೆಯೇ ಅನ್ನಿಸಬಹುದು. ನಾವು ಧರಣಿ ಕೂತು ಗೆದ್ದದ್ದನ್ನು ಒಂದು ಕಡ್ಡಿಪೆಟ್ಟಿಗೆಯಿಂದ ಸೋಲುತ್ತಿದ್ದೇವೆ. ಮೀಸಲು ಪ್ರದೇಶದ ಆದೇಶ ಒಮ್ಮೆ ವಾಪಸ್ ಹೋದದ್ದನ್ನು ನೋಡಿದ್ದೇವೆ. ಮತ್ತೆ ಅಂಥ ಮಾತು ಎದ್ದರೆ ಗುಡ್ಡದಲ್ಲಿ ಏನಿದೆ ಅಂತ ತೋರಿಸಲು ಗುಡ್ಡ ಹಸಿರಾಗಿ, ಪ್ರಾಣಿ ಪಕ್ಷಿ ಸಮೇತ ಇರಬೇಕು.

ಹಾಗಾದರೆ ಏನು ಮಾಡಬೇಕು? ಅಭಯಾರಣ್ಯಕ್ಕೆ ಬೆಂಕಿ ಹಚ್ಚುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮು ನಿಷೇಧಿಸಿದೆ. ಜೈಲು, ದಂಡ ಎರಡೂ ಇವೆ. ಬೋರ್ಡೂ ಹಾಕಿದ್ದಾರೆ. ಆದರೆ 244 ಚದರ ಕಿಲೋಮೀಟರ್ ಗುಡ್ಡದಲ್ಲಿ ಕಡ್ಡಿ ಗೀರಿದವನನ್ನು ಯಾರು ನೋಡುತ್ತಾರೆ? ಉಪಗ್ರಹ ನೋಡುತ್ತದೆ ಎನ್ನುತ್ತಾರೆ. ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹದ ಮಾಹಿತಿಯಿಂದ ಬೆಂಕಿಯ ಸಂದೇಶ ಕಳಿಸುತ್ತದೆ. ಸಾಮಾನ್ಯ ಜನರೂ ಹೆಸರು ನೋಂದಾಯಿಸಿಕೊಂಡರೆ ಮೊಬೈಲಿಗೆ ಬರುತ್ತದೆ. ಒಳ್ಳೆಯ ವ್ಯವಸ್ಥೆ, ನಮ್ಮ ಹುಡುಗರು ನೋಂದಾಯಿಸಿಕೊಳ್ಳಲಿ. ಆದರೆ ಉಪಗ್ರಹ ನಮ್ಮ ತಲೆ ಮೇಲೆ ದಿನಕ್ಕೆ ಕೆಲವೇ ಸಲ ಹಾದುಹೋಗುತ್ತದೆ. ಅದು ಕಂಡು, ಸಂದೇಶ ಬರುವುದರೊಳಗೆ ಬೆಂಕಿ ಒಂದು ಗುಡ್ಡ ದಾಟಿರುತ್ತದೆ. ಹೊಗೆ ಎದ್ದ ಕೂಡಲೇ ಕಾಣುವುದು ಗುಡ್ಡದಲ್ಲೇ ಇರುವ ಕುರಿಗಾರನಿಗೆ. ಅವನು ಫೋನ್ ಮಾಡಬೇಕು. ಫೋನ್ ಮಾಡಿದರೆ ನನ್ನ ಮೇಲೇ ಕೇಸ್ ಬೀಳುತ್ತದೆ ಎಂಬ ಹೆದರಿಕೆ ಅವನಿಗಿದ್ದರೆ ಮಾಡುತ್ತಾನಾ? ಈ ಹೆದರಿಕೆ ಹೋಗಬೇಕು. ಬೆಂಕಿಯ ಸುದ್ದಿ ಕೊಟ್ಟವರನ್ನು ಮೊದಲು ಅನುಮಾನಿಸುವುದಿಲ್ಲ ಅಂತ ಅರಣ್ಯ ಅಧಿಕಾರಿಗಳು ಗ್ರಾಮಸಭೆಯಲ್ಲಿ ಎಲ್ಲರೆದುರು ಹೇಳಲಿ.

ಫೆಬ್ರವರಿಯಿಂದ ಮೇ ತನಕ ಬೆಂಕಿ ಕಾವಲಿಗೆ ಜನರನ್ನು ತೆಗೆದುಕೊಳ್ಳುವಾಗ ಗುಡ್ಡದ ಅಂಚಿನ ಪ್ರತಿ ಊರಿನಿಂದ, ಪ್ರತಿ ತಾಂಡಾದಿಂದ ತೆಗೆದುಕೊಳ್ಳಿ. ಕುರಿ ಕಾಯುವ ಮನೆಯವರಿಗೇ ಮೊದಲ ಅವಕಾಶ ಕೊಡಿ. ಯಾವ ಹಾದಿ ಎಲ್ಲಿಗೆ ಹೋಗುತ್ತದೆ, ಯಾವ ಹೊತ್ತಿಗೆ ಗಾಳಿ ಯಾವ ಕಡೆ ತಿರುಗುತ್ತದೆ ಎಂದು ಅವರಷ್ಟು ಬಲ್ಲವರಿಲ್ಲ. ಕೂಲಿಯನ್ನು ಆಯಾ ತಿಂಗಳೇ ಕೊಡಿ. ಗಟ್ಟಿ ಬೂಟು, ನೀರಿನ ಬಾಟಲಿ, ಟಾರ್ಚು ಕೊಡಿ. ಹರಿದ ಚಪ್ಪಲಿಯಲ್ಲಿ ಬೆಂಕಿಯ ಮುಂದೆ ಯಾರನ್ನೂ ಕಳಿಸಬೇಡಿ.

ಇನ್ನು ಹುಲ್ಲು. ಮೊದಲು ಬಾದೆ ಹುಲ್ಲನ್ನು ಗುಡಿಸಲು ಹೊದಿಸಲು ಕೊಯ್ದು ತರುತ್ತಿದ್ದರು. ಈಗ ಎಲ್ಲರ ಮನೆ ಮೇಲೆ ತಗಡು, ಸಿಮೆಂಟು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತುಗಳೂ ಕಡಿಮೆಯಾದವು. ಕೊಯ್ಯುವವರಿಲ್ಲದೆ ಹುಲ್ಲು ಗುಡ್ಡದಲ್ಲೇ ಒಣಗಿ ನಿಲ್ಲುತ್ತದೆ. ಬೆಂಕಿ ಜೋರಾಗಲು ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಅಭಯಾರಣ್ಯದೊಳಗೆ ಹುಲ್ಲು ಕೊಯ್ಯಲು ನಿಯಮಗಳಿವೆ, ಬೇಕಾಬಿಟ್ಟಿ ಬಿಡಿ ಅಂತ ನಾನು ಕೇಳುತ್ತಿಲ್ಲ. ಆದರೆ ರಸ್ತೆಯ ಎರಡೂ ಬದಿ, ಫ್ಯಾನುಗಳಿಗೆ ಹೋಗುವ ಕಚ್ಚಾ ದಾರಿಗಳ ಬದಿ, ಹೊಲ ಮತ್ತು ಗುಡ್ಡ ಕೂಡುವ ಸೆರಗು, ಇಲ್ಲಿಯ ಹುಲ್ಲನ್ನು ಊರಿನವರ ಕೈಯಿಂದಲೇ ಕೊಯ್ಯಿಸಿ ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂಥ ಬೋಳು ಪಟ್ಟಿ ಮಾಡಬಹುದು. ಈಗಾಗಲೇ ಇರುವ ದಾರಿಗಳೇ ಅರ್ಧ ಕೆಲಸ ಮುಗಿಸಿವೆ. ಇದನ್ನು ಉದ್ಯೋಗ ಖಾತ್ರಿಯ ಕೂಲಿಗೆ ಸೇರಿಸಲು ಪಂಚಾಯ್ತಿ, ಅರಣ್ಯ ಇಲಾಖೆ ಕೂತು ದಾರಿ ಹುಡುಕಲಿ. ಮುಂದಿನ ವರ್ಷದಿಂದ ದೀಪಾವಳಿ ಮುಗಿದ ಕೂಡಲೇ ಈ ಕೆಲಸ ಶುರುವಾಗಲಿ. ಮಾರ್ಚ್‌ನಲ್ಲಿ ಟೆಂಡರ್ ಕರೆದರೆ ಉಪಯೋಗವಿಲ್ಲ.

ಹೊಲದ ಕಟಗಿ ಸುಡುವ ರೈತ ಬಂಧುಗಳಿಗೆ ನನ್ನದೊಂದು ವಿನಂತಿ. ಕಟಗಿ ಸುಡಬೇಡಿ. ಸುಡಲೇಬೇಕಾದರೆ ಗುಡ್ಡದಿಂದ ದೂರದ ಹೊಲದ ನಡುವೆ, ಗಾಳಿ ಇಲ್ಲದ ಮುಂಜಾನೆ, ಪಕ್ಕದಲ್ಲಿ ನೀರು ಇಟ್ಟುಕೊಂಡು ಸುಡಿ. ಬೂದಿ ತಣ್ಣಗಾಗುವ ತನಕ ಅಲ್ಲೇ ಇರಿ.

ನಮ್ಮ ಶಾಲೆಯ ಮಕ್ಕಳಿಗೆ ನಾನು ಪರಿಸರ ದಿನದಂದು ಗಿಡ ನೆಡಿಸಿದ್ದೇನೆ. ಅದು ಒಳ್ಳೆಯದೇ. ಆದರೆ ಗುಡ್ಡ ತನ್ನ ಗಿಡಗಳನ್ನು ತಾನೇ ಬೆಳೆಸಿಕೊಳ್ಳಬಲ್ಲದು. ಐದಾರು ವರ್ಷ ಬೆಂಕಿ ಬೀಳದ ಒಂದು ಕೊರಕಲು ನಮ್ಮ ಊರ ಹಿಂದೆ ಇದೆ, ಎರಡೂ ಬದಿ ಬಂಡೆ ಇರುವುದರಿಂದ ಬೆಂಕಿ ಒಳಗೆ ಬರುವುದಿಲ್ಲ. ಅಲ್ಲಿ ಯಾರೂ ಏನೂ ನೆಟ್ಟಿಲ್ಲ. ಕಾರೆ, ಕವಳಿ, ಬಿಲ್ವ ಒಂದಕ್ಕೊಂದು ಹೆಣೆದುಕೊಂಡು ನಿಂತಿವೆ. ಬೇಸಿಗೆಯಲ್ಲೂ ನೆಲ ತಂಪು. ಅಭಯಾರಣ್ಯ ಅಂದರೆ ಏನು ಅಂತ ಕೇಳುವ ಮಕ್ಕಳಿಗೆ ನಾನು ಆ ಜಾಗವನ್ನೇ ದೂರದಿಂದ ತೋರಿಸುತ್ತೇನೆ.

ಜಿಲ್ಲಾ ಆಡಳಿತ, ಅರಣ್ಯ ಇಲಾಖೆ, ಗುಡ್ಡದ ಸುತ್ತಲಿನ ಪಂಚಾಯ್ತಿಗಳು ಹೋಳಿಗಿಂತ ಮೊದಲೇ ಪ್ರತಿ ಊರಲ್ಲಿ ಒಂದು ಸಭೆ ಕರೆಯಲಿ ಅಂತ ನಿಮ್ಮ ಪತ್ರಿಕೆಯ ಮೂಲಕ ಕೇಳುತ್ತೇನೆ. ಸಭೆ ಹಗಲು ಬೇಡ, ಕುರಿ ಹಟ್ಟಿಗೆ ಬಂದ ಮೇಲೆ, ರಾತ್ರಿ ಎಂಟು ಗಂಟೆಗೆ ಇಟ್ಟರೆ ಕುರಿಗಾರರು ಬರುತ್ತಾರೆ. ನಮ್ಮ ಶಾಲೆಯ ಅಂಗಳ ಖಾಲಿ ಇದೆ. ದೀಪದ ವ್ಯವಸ್ಥೆ ನಾವು ಮಾಡುತ್ತೇವೆ.

ಇಂತಿ,
ಕಪ್ಪತಗುಡ್ಡದ ಬದಿಯ ಶಾಲೆಯ ಒಬ್ಬ ಶಿಕ್ಷಕಿ,
ಮುಂಡರಗಿ ತಾಲ್ಲೂಕು, ಗದಗ ಜಿಲ್ಲೆ